ಬಿಳಿ ಏಪ್ರನ್, ಎದೆಯ ಮೇಲೊಂದು ಹೆಸರು

ಮೇ ತಿಂಗಳ ಸುಡುಬಿಸಿಲು. ಗುಂಜಹಳ್ಳಿಯಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದ ಅಜ್ಜಿಯೊಬ್ಬಳು ಡಾಕ್ಟರಿಗೆ ತೋರಿಸಿಕೊಂಡು, ಚೀಟಿ ಹಿಡಿದು ಮೆಡಿಕಲ್ ಮುಂದೆ ನಿಂತಿದ್ದಾಳೆ ಎನ್ನೋಣ. ಆಕೆಗೆ ಕೀಲುವಾತ. ಚೀಟಿಯಲ್ಲಿ ಮೆಥೋಟ್ರೆಕ್ಸೇಟ್ ಗುಳಿಗೆ ಇದೆ, ಜೊತೆಗೆ ಫೋಲಿಕ್ ಆಮ್ಲ. ಕೌಂಟರಿನ ಆಚೆ ಮೂವರಿದ್ದಾರೆ. ಒಬ್ಬ ಗೆರೆ ಅಂಗಿಯವನು, ಒಬ್ಬ ಟೀ ಶರ್ಟಿನವನು, ಮೂರನೆಯವನು ಗಲ್ಲಾ ಮುಂದೆ ಕುಳಿತವನು. "ತಮ್ಮಾ, ಇದು ದಿನಾ ನುಂಗಬೇಕೇನಪ್ಪಾ?" ಎಂದು ಅಜ್ಜಿ ಕೇಳುತ್ತಾಳೆ. ಕೇಳುವುದು ಯಾರನ್ನು? ಹತ್ತಿರ ನಿಂತವನನ್ನು.

ಕೀಲುವಾತಕ್ಕೆ ಬರೆದುಕೊಡುವ ಮೆಥೋಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದವರ ಮೂಳೆಮಜ್ಜೆ ಸೊರಗಿ, ರಕ್ತಕಣ ಕುಸಿದು ಜೀವಕ್ಕೇ ಎರವಾದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಅಜ್ಜಿಗೆ ಉತ್ತರ ಕೊಡುವವನು ಓದಿ ನೋಂದಣಿ ಮಾಡಿಸಿಕೊಂಡ ಫಾರ್ಮಸಿಸ್ಟೋ, ಹೋದ ತಿಂಗಳು ಪೆಟ್ಟಿಗೆ ಇಳಿಸಲು ಸೇರಿದ ಹುಡುಗನೋ? ಅದು ಅವಳಿಗೆ ನೋಡಿದೊಡನೆ ತಿಳಿಯಬೇಕು. ಫಾರ್ಮಸಿಸ್ಟ್ ಕೆಲಸಕ್ಕೆ ಏನು ತೊಡಬೇಕು ಎಂಬ ಮಾತಿಗೆ ತೂಕ ಬರುವುದು ಈ ಕಾರಣಕ್ಕೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ಫಾರ್ಮಸಿ ಕೌನ್ಸಿಲ್ 2015ರ ಜನವರಿಯಲ್ಲಿ ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ಉಡುಪಿನ ಮಾತು ಇದೆ: ಫಾರ್ಮಸಿಸ್ಟ್ ಶುಭ್ರವಾದ ಬಿಳಿ ಕೋಟು ಅಥವಾ ಏಪ್ರನ್ ತೊಟ್ಟಿರಬೇಕು, ಅದರ ಮೇಲೆ ತನ್ನ ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಇರಬೇಕು. ಇದರ ಹಿಂದೆ ಇನ್ನೂ ಹಳೆಯ ಎರಡು ಆಧಾರಗಳಿವೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧಿ ಬೆರೆಸುವ, ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟಿಗೆ ಮಾತ್ರ. ಮೀರಿದವರಿಗೆ ಜೈಲು, ದಂಡ ಎರಡೂ ಉಂಟು. 1945ರ ಔಷಧ ನಿಯಮಗಳ 65ನೇ ನಿಯಮವೂ ಚೀಟಿ ಔಷಧಿಯನ್ನು ಫಾರ್ಮಸಿಸ್ಟ್ ತಾನೇ ಕೊಡಬೇಕು, ಇಲ್ಲವೇ ಅವನ ಕಣ್ಣೆದುರಿನ ಮೇಲ್ವಿಚಾರಣೆಯಲ್ಲಿ ಕೊಡಿಸಬೇಕು ಎನ್ನುತ್ತದೆ. ಏಪ್ರನ್ನು ಈ ಮೇಲ್ವಿಚಾರಣೆ ಕಣ್ಣಿಗೆ ಕಾಣುವಂತೆ ಮಾಡುವ ಬಟ್ಟೆ.

ಏಪ್ರನ್ ಎಂದರೆ ಅಡುಗೆಮನೆಯಲ್ಲಿ ಸೊಂಟಕ್ಕೆ ಕಟ್ಟುವ ಬಟ್ಟೆ ಎಂದು ಬೇರೆ ದೇಶದವರು ತಿಳಿದಾರು. ನಮ್ಮ ಕಾಲೇಜುಗಳಲ್ಲಿ ಮಾತ್ರ ಮೊಣಕಾಲಿನ ಹತ್ತಿರ ಬರುವ ಬಿಳಿ ಕೋಟಿಗೇ ಆ ಹೆಸರು. ರಾಯಚೂರಿನ ವಿ.ಎಲ್. ಫಾರ್ಮಸಿ ಕಾಲೇಜು, ನವೋದಯ ಶಿಕ್ಷಣ ಸಂಸ್ಥೆಯ ಎನ್‌ಇಟಿ ಫಾರ್ಮಸಿ ಕಾಲೇಜು, ಎಲ್ಲಿಯೇ ಸೇರಿದರೂ ಪ್ರಯೋಗಾಲಯಕ್ಕೆ ಏಪ್ರನ್ ಬೇಕೇ ಬೇಕು. ಡಿ.ಫಾರ್ಮಾದ ಎರಡು ವರ್ಷ, ಬಿ.ಫಾರ್ಮಾದ ನಾಲ್ಕು ವರ್ಷ ಅದು ಮೈಮೇಲೆ ಇರುತ್ತದೆ. ಡಿ.ಫಾರ್ಮಾದವರು ಓದು ಮುಗಿದ ಮೇಲೆ ಕನಿಷ್ಠ ಮೂರು ತಿಂಗಳು, 500 ಗಂಟೆಗಳ ತರಬೇತಿಯನ್ನೂ ಮುಗಿಸಬೇಕು. ಆಮೇಲೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ, ಆಮೇಲೆ ಕೆಲಸ. ಕೋಟು ನಿಜವಾಗಿ ಬೇಕಾಗುವುದು ಆಗಲೇ. ಆದರೆ ಎಷ್ಟೋ ಮನೆಗಳಲ್ಲಿ ಅದು ಆ ಹೊತ್ತಿಗೆ ಟ್ರಂಕಿನ ತಳ ಸೇರಿರುತ್ತದೆ.

ಹಿಂದಿನ ಕಂಪೌಂಡರುಗಳಿಗೆ ಕೋಟಿನ ಅಗತ್ಯವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಪುಡಿ ಅರೆಯುತ್ತಿದ್ದರು, ಮಿಕ್ಸ್ಚರ್ ಕಲಸುತ್ತಿದ್ದರು, ಸೀಸೆಯ ಮೈಗೆ ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ ಡೋಸಿನ ಗುರುತು ಮಾಡುತ್ತಿದ್ದರು. ಅಯೋಡಿನ್, ಮುಲಾಮು ಎಲ್ಲ ಸಿಡಿಯುತ್ತಿತ್ತು. ಮೈಬಟ್ಟೆ ಉಳಿಸಿಕೊಳ್ಳಲು ಮೇಲೊಂದು ಬಟ್ಟೆ ಬೇಕಿತ್ತು. ಈಗ ಗುಳಿಗೆ ಪಟ್ಟಿಯಲ್ಲಿ ಬರುತ್ತದೆ, ಸಿರಪ್ ಮುಚ್ಚಳ ಬಿಗಿದುಕೊಂಡು ಬರುತ್ತದೆ. ಸಿಡಿಯುವುದು ಏನೂ ಇಲ್ಲ. ಹಾಗಾಗಿಯೇ "ಕೋಟು ಯಾಕ ಬೇಕ್ರಿ?" ಎಂಬ ಮಾತು ಹುಟ್ಟಿದೆ. ಬಟ್ಟೆ ಕಾಯುವ ಕೆಲಸ ಕಡಿಮೆಯಾಗಿದೆ, ನಿಜ. ಆದರೆ ಗುರುತು ಹೇಳುವ ಕೆಲಸ ಹಿಂದಿಗಿಂತ ಹೆಚ್ಚಾಗಿದೆ. ಕಂಪೌಂಡರ್ ಇಡೀ ಊರಿಗೇ ಗೊತ್ತಿದ್ದವನು. ಈಗಿನ ಅಂಗಡಿಯಲ್ಲಿ ಕೌಂಟರಿನ ಹಿಂದಿನ ಮುಖಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ.

ಇನ್ನು ಸೆಕೆಯ ಮಾತು. ರಾಯಚೂರು ರಾಜ್ಯದಲ್ಲೇ ಹೆಚ್ಚು ಬಿಸಿಲು ಕಾಯುವ ಜಿಲ್ಲೆಗಳಲ್ಲಿ ಒಂದು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ದೇವದುರ್ಗ, ಮಾನ್ವಿಯ ಕಿರಿದಾದ ಅಂಗಡಿಯಲ್ಲಿ ತಲೆಯ ಮೇಲೆ ತಗಡು, ಒಂದೇ ಫ್ಯಾನು, ಕರೆಂಟು ಹೋದರೆ ಅದೂ ಇಲ್ಲ. ಅಂಥ ಕಡೆ ಅಂಗಿಯ ಮೇಲೊಂದು ದಪ್ಪ ಕೋಟು ತೊಡಿ ಎನ್ನುವುದು ಕ್ರೌರ್ಯದಂತೆ ಕೇಳಿಸಬಹುದು. ಈ ದೂರನ್ನು ತಳ್ಳಿಹಾಕದೆ ಪರಿಹಾರ ಹುಡುಕಬೇಕು.

ಮೊದಲ ಪರಿಹಾರ ಬಟ್ಟೆಯಲ್ಲೇ ಇದೆ. ರೆಡಿಮೇಡ್ ಏಪ್ರನ್‌ಗಳಲ್ಲಿ ಬಹುಪಾಲು ಟೆರಿಕಾಟಿನವು. ಪಾಲಿಯೆಸ್ಟರ್ ನೂಲು ಹೆಚ್ಚು, ಹತ್ತಿ ಕಡಿಮೆ. ಅವು ಸುಕ್ಕಾಗುವುದಿಲ್ಲ, ಬೇಗ ಒಣಗುತ್ತವೆ, ಬಹಳ ದಿನ ಬಾಳುತ್ತವೆ. ಆದರೆ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತವೆ. ಹತ್ತಿ ಬೆಳೆಗೆ, ಹತ್ತಿ ಮಾರುಕಟ್ಟೆಗೆ ಹೆಸರಾದ ಊರಿನಲ್ಲಿ ಪ್ಲಾಸ್ಟಿಕ್ ನೂಲು ತೊಟ್ಟು ಬೇಯುವ ಅಗತ್ಯವಿಲ್ಲ. ತೆಳುವಾದ ಅಪ್ಪಟ ಹತ್ತಿಯ ಬಿಳಿ ಬಟ್ಟೆ ಕೊಂಡು, ಗೊತ್ತಿರುವ ಟೇಲರಿಗೆ ಅಳತೆ ಕೊಟ್ಟು ಹೊಲಿಸಿಕೊಂಡರೆ ಸೆಕೆಯ ಅರ್ಧ ದೂರು ಅಲ್ಲಿಗೇ ಕಡಿಮೆಯಾಗುತ್ತದೆ. ಬಟ್ಟೆಯನ್ನು ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಹಾಕಬೇಕು. ಹತ್ತಿ ಕುಗ್ಗುತ್ತದೆ, ಮೊದಲ ಒಗೆತಕ್ಕೇ ತೋಳು ಗಿಡ್ಡವಾಗುತ್ತದೆ. ಬೆನ್ನಿನ ಕೆಳಗೆ ಸೀಳು ಇಡಿಸಿದರೆ ಗಾಳಿಯಾಡುತ್ತದೆ, ಕೆಳಗಿನ ಡ್ರಾಯರಿಗೆ ಬಗ್ಗುವಾಗ ಎಳೆಯುವುದಿಲ್ಲ. ಕಂಕುಳ ಕೆಳಗೆ ಸಡಿಲ ಇರಲಿ, ಮೇಲಿನ ಶೆಲ್ಫಿಗೆ ಕೈಚಾಚುವುದು ದಿನಕ್ಕೆ ನೂರಾರು ಸಲ.

ಎರಡನೆಯ ಪರಿಹಾರ ತೋಳಿನಲ್ಲಿ. ನಿಯಮಾವಳಿ ಬಿಳಿ ಕೋಟು ಎನ್ನುತ್ತದೆಯೇ ಹೊರತು ತೋಳು ಇಷ್ಟು ಉದ್ದ ಇರಬೇಕು ಎನ್ನುವುದಿಲ್ಲ. ಅರ್ಧ ತೋಳಿನ ಕೋಟು ಸೆಕೆಗೂ ಒಳ್ಳೆಯದು, ಸ್ವಚ್ಛತೆಗೂ ಒಳ್ಳೆಯದು. ಕೋಟಿನಲ್ಲಿ ಹೆಚ್ಚು ಕೊಳೆ, ಹೆಚ್ಚು ರೋಗಾಣು ಕೂರುವುದು ಮುಂಗೈ ಪಟ್ಟಿಯಲ್ಲಿ ಮತ್ತು ಜೇಬಿನ ಬಾಯಲ್ಲಿ. ಇದೇ ಕಾರಣಕ್ಕೆ ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಮೊಣಕೈ ಕೆಳಗೆ ಬಟ್ಟೆ, ಗಡಿಯಾರ, ಉಂಗುರ ಬೇಡ ಎಂದಿತು. ಅಲ್ಲಿನ ಡಾಕ್ಟರುಗಳ ಉದ್ದ ತೋಳಿನ ಬಿಳಿ ಕೋಟು ಅದರೊಂದಿಗೆ ವಾರ್ಡುಗಳಿಂದ ಮರೆಯಾಯಿತು. ಮಾನ್ವಿಯ ಮೆಡಿಕಲ್ ಅಂಗಡಿಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೆ ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ.

ಮೂರನೆಯ ಪರಿಹಾರ ಅಂಗಡಿ ಮಾಲೀಕರ ಕೈಯಲ್ಲಿದೆ. ಎಷ್ಟೋ ಔಷಧಿಗಳ ಡಬ್ಬಿಯ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಎಂದು ಅಚ್ಚಾಗಿರುತ್ತದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿಯ ಫ್ರಿಜ್ಜೇ ಬೇಕು. ಹೊರಗೆ 42 ಡಿಗ್ರಿ ಇದ್ದು ಒಳಗೂ ಹಾಗೇ ಕುದಿಯುತ್ತಿದ್ದರೆ ಅಲ್ಲಿ ಕೆಡುವುದು ಔಷಧಿಯ ಗುಣ. ತಗಡಿನ ಕೆಳಗೆ ಸೀಲಿಂಗ್, ಮುಂದೆ ನೆರಳಿನ ಪರದೆ, ಸಾಧ್ಯವಾದರೆ ಒಂದು ಎಸಿ, ಗೋಡೆಗೊಂದು ಥರ್ಮಾಮೀಟರ್ ಹಾಕಿಸಿದ ಅಂಗಡಿಯಲ್ಲಿ ಗುಳಿಗೆಯೂ ಸುರಕ್ಷಿತ, ಕೋಟು ತೊಟ್ಟವರೂ ಆರಾಮ. ಔಷಧಿಗೆ ಬೇಕಾದ ತಂಪು ಇಲ್ಲದ ಕಡೆ ಏಪ್ರನ್ ತೊಡಲಾಗುತ್ತಿಲ್ಲ ಎಂದರೆ ತಪ್ಪು ಏಪ್ರನ್ನಿನದಲ್ಲ.

ಕೋಟಿನ ಒಳಗೆ ಏನು? ಇದಕ್ಕೆ ಕಾನೂನು ಕಟ್ಟು ಹಾಕಿಲ್ಲ, ಹಾಕಬೇಕಾಗಿಯೂ ಇಲ್ಲ. ಗಂಡಸರಿಗೆ ತಿಳಿಬಣ್ಣದ ಹತ್ತಿ ಅಂಗಿ, ಪ್ಯಾಂಟು. ಹೆಣ್ಣುಮಕ್ಕಳಲ್ಲಿ ಕೆಲವರು ಸೀರೆ ಉಡುತ್ತಾರೆ, ಹಲವರು ಚೂಡಿದಾರ್ ತೊಡುತ್ತಾರೆ, ರಾಯಚೂರಿನಲ್ಲಿ ಬುರ್ಖಾ ತೊಟ್ಟು ಬರುವವರೂ ಇದ್ದಾರೆ. ಎಲ್ಲದರ ಮೇಲೂ ಏಪ್ರನ್ ಒಪ್ಪುತ್ತದೆ. ನೋಡಿಕೊಳ್ಳಬೇಕಾದದ್ದು ಜೋಲುವ ತುದಿಗಳನ್ನು: ಸೆರಗು, ವೇಲು, ಸ್ಕಾರ್ಫು ಕೋಟಿನ ಒಳಗೆ ಸೇರಿ ಗುಂಡಿ ಬಿದ್ದಿರಲಿ. ಗುಳಿಗೆ ಎಣಿಸುವ ತಟ್ಟೆಯ ಮೇಲೆ ಅವು ಸವರಬಾರದು, ಶೆಲ್ಫಿನ ಮೊಳೆಗೆ ಸಿಕ್ಕಬಾರದು. ಕೂದಲು ಕಟ್ಟಿರಬೇಕು. ಮಲ್ಲಿಗೆ ಮುಡಿಯಬೇಡಿ ಎಂದು ಯಾರೂ ಹೇಳಿಲ್ಲ. ಗಾಢ ಸೆಂಟು ಮಾತ್ರ ಬೇಡ. ಉಬ್ಬಸದವರು, ಬಸುರಿಯರು ಬಂದು ನಿಲ್ಲುವ ಜಾಗ ಅದು.

ಕಾಲಿನ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಮಾಡುವ ಕೆಲಸ ಇದು. ವರ್ಷಗಟ್ಟಲೆ ಹೀಗೆ ನಿಂತವರಲ್ಲಿ ಕಾಲೂತ, ಉಬ್ಬಿದ ನರ, ಹಿಮ್ಮಡಿ ನೋವು ಸಾಮಾನ್ಯ. ಹವಾಯಿ ಚಪ್ಪಲಿ ತೊಟ್ಟರೆ ಪಾದಕ್ಕೆ ಆಧಾರ ಸಿಗದು. ಸಿರಪ್ ಸೀಸೆ ಜಾರಿ ಬಿದ್ದರೆ ಗಾಜು ನೇರ ಬೆರಳಿಗೆ. ಮುಂದೆ ಮುಚ್ಚಿದ, ಜಾರದ ಅಟ್ಟೆಯ, ಮೆತ್ತನೆಯ ಶೂ ಕೊಳ್ಳಬೇಕು, ಅದನ್ನು ಸಂಜೆ ಹೊತ್ತು ಕೊಳ್ಳಬೇಕು. ನಿಂತ ಪಾದ ಸಂಜೆಗೆ ತುಸು ಊದಿರುತ್ತದೆ, ಆಗ ಸರಿಹೊಂದಿದ ಶೂ ದಿನವಿಡೀ ಬಿಗಿಯುವುದಿಲ್ಲ. ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲು ಇರಿಸುವುದು ಮಾಲೀಕರಿಗೆ ದೊಡ್ಡ ಖರ್ಚಲ್ಲ.

ಕೈ ಉಗುರು ಕತ್ತರಿಸಿರಬೇಕು, ಉಂಗುರಗಳು ಆದಷ್ಟು ಕಡಿಮೆ ಇರಬೇಕು. ಬಿಡಿ ಗುಳಿಗೆಯನ್ನು ಬರಿಗೈಯಲ್ಲಿ ಎತ್ತಬಾರದು, ಚಮಚವೋ ಎಣಿಕೆ ತಟ್ಟೆಯೋ ಬೇಕು. ಮೊದಲು ಹೇಳಿದ ಮೆಥೋಟ್ರೆಕ್ಸೇಟಿನಂಥ, ಜೀವಕೋಶಕ್ಕೇ ಹೊಡೆಯುವ ಗುಳಿಗೆ ಪಟ್ಟಿಯಿಂದ ಬಿಡಿಯಾಗಿ ಬಿದ್ದರೆ ಕೈಗವಸು ಹಾಕದೆ ಮುಟ್ಟಬಾರದು, ಬಸುರಿ ಫಾರ್ಮಸಿಸ್ಟ್ ಅಂತೂ ಮುಟ್ಟಲೇಬಾರದು. ಮಾಸ್ಕನ್ನು ಕೋವಿಡ್ ಜೊತೆಗೇ ಬೀಳ್ಕೊಟ್ಟವರು ಒಮ್ಮೆ ಯೋಚಿಸಬೇಕು. ಎರಡು ವಾರದಿಂದ ಕೆಮ್ಮುತ್ತಿರುವವರು ಆಸ್ಪತ್ರೆಗೆ ಹೋಗುವ ಮೊದಲು ಮೆಡಿಕಲ್‌ಗೇ ಬರುತ್ತಾರೆ. ಕ್ಷಯದ ಔಷಧಿ ಕೊಡುವ ಅಂಗಡಿಗಳೂ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 2018ರ ಮಾರ್ಚಿನಿಂದ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ. ಜೇಬಿನಲ್ಲಿ ಎರಡು ಮಾಸ್ಕ್ ಇರಲಿ: ಒಂದು ತನಗೆ, ಒಂದು ಕೆಮ್ಮುತ್ತಾ ಬಂದವರಿಗೆ.

ಬಿಳಿ ಬಟ್ಟೆ ತೊಡುವುದು ಸುಲಭ, ಬಿಳಿಯಾಗಿಡುವುದು ಕಷ್ಟ. ಬೋರ್‌ವೆಲ್ಲಿನ ಗಡಸು ನೀರಿಗೆ ಬಾರ್ ಸೋಪು ಸೇರಿದರೆ ನೊರೆ ಬರುವುದಿಲ್ಲ. ಸೋಪು ಸುಣ್ಣದೊಂದಿಗೆ ಕೂಡಿ ಬೂದುಬಣ್ಣದ ಕಸರಾಗಿ ನೂಲಿನಲ್ಲೇ ಕೂರುತ್ತದೆ. ನಾಲ್ಕು ಒಗೆತಕ್ಕೆ ಬಿಳಿ ಮಾಸುವುದು ಇದರಿಂದ. ಬಿಸಿನೀರಿಗೆ ಮೊದಲು ಸ್ವಲ್ಪ ಬಟ್ಟೆ ಸೋಡಾ, ಆಮೇಲೆ ಒಗೆಯುವ ಪುಡಿ ಹಾಕಿ ಅರ್ಧ ಗಂಟೆ ನೆನೆಸಿದರೆ ಫಲ ಬೇರೆಯೇ. ಬಿಸಿಲಿಗಂತೂ ಇಲ್ಲಿ ಬರವಿಲ್ಲ, ಬಿಸಿಲಲ್ಲಿ ಒಣಗಿದ ಹತ್ತಿ ಬೆಳ್ಳಗಾಗುತ್ತದೆ. ಪದೇ ಪದೇ ಬ್ಲೀಚಿಂಗ್ ನೀರಲ್ಲಿ ಅದ್ದಿದರೆ ನೂಲು ಸವೆದು ಹರಿಯುತ್ತದೆ.

ಕಲೆಗಳಿಗೆ ಮದ್ದು ಅಂಗಡಿಯಲ್ಲೇ ಇದೆ. ಫಾರ್ಮಸಿಸ್ಟನ ಕೋಟಿನ ದೊಡ್ಡ ಶತ್ರು ಜೇಬಿನಲ್ಲಿ ಸೋರುವ ಬಾಲ್ ಪೆನ್ನು. ಸರ್ಜಿಕಲ್ ಸ್ಪಿರಿಟಿನಲ್ಲಿ ಹತ್ತಿ ಅದ್ದಿ, ಕಲೆಯ ಕೆಳಗೊಂದು ಹಳೆ ಬಟ್ಟೆ ಇಟ್ಟು ಒತ್ತಿದರೆ ಶಾಯಿ ಕೆಳಗಿಳಿಯುತ್ತದೆ. ಉಜ್ಜಿದರೆ ಹರಡುತ್ತದೆ. ಪೊವಿಡೋನ್ ಅಯೋಡಿನ್ ಚೆಲ್ಲಿದರೆ ಕೂಡಲೇ ತಣ್ಣೀರು. ಉಳಿದ ಕಂದು ಕಲೆಗೆ ವಿಟಮಿನ್ ಸಿ ಗುಳಿಗೆಯನ್ನು ನೀರಲ್ಲಿ ಕರಗಿಸಿ ಸವರಿದರೆ ಬಣ್ಣ ಮಾಯ. ಅದು ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡುತ್ತದೆ, ಮೊದಲ ವರ್ಷದ ಪ್ರಯೋಗಾಲಯದ ಪಾಠ ನೆನಪಿದ್ದವರಿಗೆ ಇದು ಹೊಸದಲ್ಲ.

ಕೋಟಿಗಿಂತ ಮುಖ್ಯವಾದದ್ದು ಬ್ಯಾಡ್ಜ್. ಕೋಟು ದೂರದಿಂದ ಕಾಣುತ್ತದೆ. ಇವರು ಯಾರು, ಯಾವ ಸಂಖ್ಯೆಯ ನೋಂದಣಿ ಎಂಬುದನ್ನು ಹೇಳುವುದು ಬ್ಯಾಡ್ಜ್. ದೊಡ್ಡ ಸರಣಿ ಅಂಗಡಿಗಳು ಕಂಪನಿಯ ಬಣ್ಣದ ಅಂಗಿ, ಲಾಂಛನ ಕೊಡುತ್ತವೆ. ಅದರಿಂದ ಅಂಗಡಿಯ ಗುರುತು ಸಿಗುತ್ತದೆ, ಫಾರ್ಮಸಿಸ್ಟನ ಗುರುತು ಸಿಗುವುದಿಲ್ಲ. ಬ್ಯಾಡ್ಜಿನಲ್ಲಿ ಹೆಸರು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ, ಅದರ ಕೆಳಗೆ "ನೋಂದಾಯಿತ ಫಾರ್ಮಸಿಸ್ಟ್" ಎಂದು, ಆಮೇಲೆ ಸಂಖ್ಯೆ. ಇಂಗ್ಲಿಷಿನಲ್ಲೂ ಬೇಕಿದ್ದರೆ ಕೆಳಗಿರಲಿ. ಕನ್ನಡಕ ಮರೆತು ಬಂದ ಅಜ್ಜ ಎರಡು ಮಾರು ದೂರದಿಂದ ಓದುವಂತಿರಬೇಕು. ಹಗ್ಗದ ಐಡಿ ಕಾರ್ಡು ತಿರುಗಿ ಬೆನ್ನು ತೋರಿಸುತ್ತದೆ, ಬಗ್ಗಿದಾಗ ಜೋಲುತ್ತದೆ. ಎಡ ಎದೆಗೆ ಚುಚ್ಚುವ ಅಥವಾ ಅಯಸ್ಕಾಂತದ ಬ್ಯಾಡ್ಜೇ ಮೇಲು. ಫ್ರಾನ್ಸಿನಲ್ಲಿ ಔಷಧಿ ಅಂಗಡಿಯವರು ತಮ್ಮ ಅರ್ಹತೆ ತಿಳಿಸುವ ಗುರುತನ್ನು ಎದೆಯ ಮೇಲೆ ಧರಿಸಲೇಬೇಕು: ಫಾರ್ಮಸಿಸ್ಟರದು ಒಂದು ಚಿಹ್ನೆ, ಅವರ ಸಹಾಯಕರದು ಇನ್ನೊಂದು. ಅಲ್ಲಿನ ಗಿರಾಕಿಗೆ ಯಾರ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕೆಂಬುದು ನೋಡಿದರೇ ಗೊತ್ತಾಗುತ್ತದೆ.

ನಮ್ಮಲ್ಲಿ ಸಹಾಯಕರ ಉಡುಪಿಗೆ ನಿಯಮ ಇಲ್ಲ. ಆದರೂ ಮಾಲೀಕರು ಒಂದು ಒಳ್ಳೆಯ ಪದ್ಧತಿ ತರಬಹುದು: ಕೆಲಸದ ಹುಡುಗರಿಗೆ ನೀಲಿಯೋ ಬೂದೋ ಬಣ್ಣದ ಅಂಗಿ, ತರಬೇತಿಗೆ ಬಂದವರಿಗೆ "ತರಬೇತಿ" ಎಂದು ಬರೆದ ಬ್ಯಾಡ್ಜ್, ಬಿಳಿ ಕೋಟು ಫಾರ್ಮಸಿಸ್ಟಿಗೆ ಮಾತ್ರ. ಎಲ್ಲರಿಗೂ ಬಿಳಿ ತೊಡಿಸಿದರೆ ಅಂಗಡಿ ಚೆಂದ ಕಾಣುತ್ತದೆ, ಅಜ್ಜಿಗೆ ಮತ್ತೆ ಮೊದಲಿನ ಗೊಂದಲವೇ. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುವ ಕೆಟ್ಟ ರೂಢಿಯ ವಿಷಯವೂ ಇಲ್ಲಿಗೇ ಬರುತ್ತದೆ. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಕೌಂಟರಿನಲ್ಲಿ ಬೇರೊಬ್ಬರು. ಬ್ಯಾಡ್ಜ್ ತಪ್ಪದೆ ಎದೆಯ ಮೇಲಿದ್ದರೆ ಈ ಆಟ ಒಂದೇ ನೋಟಕ್ಕೆ ಬಯಲಾಗುತ್ತದೆ. ಓದಿ ಬಂದ ಹುಡುಗ ಹುಡುಗಿಯರ ಸಂಬಳವನ್ನು ಕೆಳಗೆ ಎಳೆಯುತ್ತಿರುವುದೂ ಇದೇ ರೂಢಿ.

ಕೋಟಿನ ಜೇಬಿನ ಮೇಲೆ ಕೆಂಪು ಶಿಲುಬೆಯ ಗುರುತು ಹೊಲಿಸುವವರು ಎಚ್ಚರ ವಹಿಸಬೇಕು. ಅದು ಔಷಧಿಯ ಗುರುತಲ್ಲ. ಯುದ್ಧದಲ್ಲಿ ಗಾಯಾಳುಗಳನ್ನು ಕಾಯುವ ರೆಡ್ ಕ್ರಾಸ್ ಲಾಂಛನ, 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅಂಗಡಿ, ಕ್ಲಿನಿಕ್ಕುಗಳು ಅದನ್ನು ಬಳಸುವುದು ಅಪರಾಧ. ಒರಳು ಕುಟ್ಟಣಿಗೆ ಚಿತ್ರವೋ, ಹಸಿರು ಶಿಲುಬೆಯೋ ಇರಲಿ. ಸ್ಟೆತಸ್ಕೋಪ್ ಅಂತೂ ಕೊರಳಲ್ಲಿ ಬೇಡವೇ ಬೇಡ.

ಬಿಳಿ ಕೋಟು ಕಂಡೊಡನೆ "ಡಾಕ್ಟ್ರೇ, ಒಂದು ಸೂಜಿ ಮಾಡ್ರಿ" ಎಂದು ತೋಳು ಚಾಚುವವರು ಇದ್ದೇ ಇದ್ದಾರೆ. ಕೋಟು ತೊಡಲು ಹಿಂಜರಿಯುವ ಪ್ರಾಮಾಣಿಕ ಫಾರ್ಮಸಿಸ್ಟರು ಕೊಡುವ ಕಾರಣವೂ ಇದೇ. ಅದಕ್ಕೆ ಕೋಟು ಬಿಚ್ಚುವುದು ಉತ್ತರವಲ್ಲ. "ನಾ ಡಾಕ್ಟರ್ ಅಲ್ರೀ ಅಮ್ಮ, ಔಷಧಿ ಓದಿದಾಕಿ. ಸೂಜಿ ಆಸ್ಪತ್ರೆಯಾಗ ಮಾಡ್ತಾರ. ಈ ಗುಳಿಗಿ ಹೆಂಗ ತಗೋಬೇಕು ಅಂತ ನಾ ಹೇಳ್ತೀನಿ" ಎಂದು ನಗುಮೊಗದಿಂದ ಹೇಳಿದರೆ ಊರು ಒಂದು ವರ್ಷದಲ್ಲಿ ವ್ಯತ್ಯಾಸ ಕಲಿಯುತ್ತದೆ.

ಗಿರಾಕಿಗಳಿಗೂ ಇಲ್ಲಿ ಕೆಲಸವಿದೆ. ಬೋರ್ಡಿನಲ್ಲಿ "ಫಾರ್ಮಸಿ" ಅಥವಾ "ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್" ಎಂದು ಬರೆಸುವ ಹಕ್ಕು ನೋಂದಾಯಿತ ಫಾರ್ಮಸಿಸ್ಟ್ ಇರುವ ಅಂಗಡಿಗೆ ಮಾತ್ರ. ಲೈಸೆನ್ಸನ್ನು ಜನರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಚೌಕಟ್ಟಿನ ಎಚ್ಚರಿಕೆಯಲ್ಲಿ "ಶೆಡ್ಯೂಲ್ ಎಚ್1" ಎಂದು ಇದ್ದರೆ ಅದು ಎಚ್1 ಪಟ್ಟಿಯ ಔಷಧಿ. 2014ರ ಮಾರ್ಚಿನಿಂದ ಅಂಥವನ್ನು ಕೊಟ್ಟಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ಒಂದೇ ಮಾತು ಸಾಕು: "ಫಾರ್ಮಸಿಸ್ಟ್ ಯಾರ್ರೀ? ಅವರನ್ನ ಕರೀರಿ." ಹಾಗೆ ಕೇಳುವುದು ಜಗಳವಲ್ಲ, ಗಿರಾಕಿಯ ಹಕ್ಕು.

ಕೆಲಸಕ್ಕೆ ಹೊಸದಾಗಿ ಸೇರುವವರು ಮೂರು ಕೋಟು ಹೊಲಿಸಿಕೊಳ್ಳುವುದು ಒಳಿತು: ಒಂದು ಮೈಮೇಲೆ, ಒಂದು ಒಗೆತದಲ್ಲಿ, ಒಂದು ಅಂಗಡಿಯ ಮೊಳೆಗೆ. ಎರಡು ದಿನಕ್ಕೊಮ್ಮೆಯಾದರೂ ಬದಲಿಸಬೇಕು, ಬೇಸಿಗೆಯಲ್ಲಿ ದಿನವೂ. ಏಪ್ರನ್ ತೊಟ್ಟೇ ಚಹಾದಂಗಡಿಗೆ ಹೋಗುವುದು, ಬಸ್ಸು ಹತ್ತುವುದು, ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವುದು ಬೇಡ. ದಿನವಿಡೀ ಕೆಮ್ಮು, ಜ್ವರದ ಎದುರು ನಿಂತ ಬಟ್ಟೆ ಅದು. ರಾತ್ರಿ ಷಟರ್ ಎಳೆಯುವ ಮೊದಲು ಬ್ಯಾಡ್ಜ್ ಬಿಚ್ಚಿ ಡ್ರಾಯರಿಗೆ, ಕೋಟನ್ನು ಒಳಮೈ ಹೊರಗಾಗಿ ಮಡಚಿ ಬೇರೆಯದೇ ಚೀಲಕ್ಕೆ ಹಾಕಿ, ಕೈತೊಳೆದು ಊರಿನ ಕಡೆಯ ಬಸ್ಸು ಹಿಡಿಯಬೇಕು. ಮನೆಯಲ್ಲಿ ಆ ಚೀಲವನ್ನು ಉಳಿದ ಬಟ್ಟೆಯ ಗಂಟಿಗೆ ಸೇರಿಸದೆ ನೇರ ಬಿಸಿನೀರಿನ ಬಕೆಟ್ಟಿಗೆ ಸುರಿಯಬೇಕು.